ತೆಗೆದುಹಾಕಿದ ಸದ್ದು

ಹುಬ್ಬಳ್ಳಿಯ ಲಯ ಕೇಂದ್ರದಿಂದ ಮಗುವನ್ನು ಮನೆಗೆ ಕರೆದೊಯ್ಯಬೇಕಾದರೆ ತಂದೆತಾಯಿ ಒಂದು ಪರೀಕ್ಷೆ ಪಾಸಾಗಬೇಕಿತ್ತು. ಪರೀಕ್ಷೆಯ ವಿಷಯ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಮ್ಯೂಸಿಕ್ ಪ್ಲೇಯರ್. ಹಿಂದೆ ಕಾಲೇಜು ಹುಡುಗರು ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುತ್ತ ತಿರುಗುತ್ತಿದ್ದರಲ್ಲ, ಅದೇ ಜಾತಿಯದು.

"ಇದು ಹೋಲ್ಡ್," ಎಂದು ತಂತ್ರಜ್ಞ ಫಕೀರೇಶ ಪಕ್ಕದ ಸಣ್ಣ ಗುಂಡಿಯನ್ನು ತೋರಿಸಿದ. "ಇದನ್ನ ಸರಿಸಿದ್ರ ಉಳಿದ ಗುಂಡಿ ಯಾವೂ ಕೆಲಸ ಮಾಡೂದಿಲ್ಲ. ಯಾಕ ಬೇಕು ಇದು? ಬನಹಟ್ಟಿಯವರು ಹೇಳ್ರಿ."

"ಹುಡುಗಿ ಮಗ್ಗಲಾ ಬದಲಿಸಿದಾಗ ಗುಂಡಿ ಒತ್ತಿ ಹಾಡು ಬಂದ್ ಆಗಬಾರದಂತ," ಎಂದಳು ಇಂದ್ರವ್ವ.

"ಶಾಣ್ಯಾ ಇದ್ದೀರಿ. ರಿಪೀಟ್?"

"ಹಾಡು ಮುಗದಕೂಡಲೇ ಮತ್ತ ಮೊದಲಿನಿಂದ."

"ನಡುವ ಎಷ್ಟು ಹೊತ್ತು ಖಾಲಿ ಇರಬೇಕು?"

"ಒಂದು ಚಿಟಿಕಿನೂ ಇರಬಾರದು."

ಪಕ್ಕದಲ್ಲಿ ಕೂತಿದ್ದ ಗಂಡ ಸಂಗಪ್ಪ ಮೆಲ್ಲಗೆ ಅಂದ: "ನಮ್ಮ ಮದವಿಗೂ ಹಿಂಗೊಂದು ಪರೀಕ್ಷಾ ಇಟ್ಟಿದ್ರ ನಾ ಫೇಲಾಗಿ ಪಾರಾಗತಿದ್ದೆ."

"ಈಗೂ ಟೈಮ್ ಐತಿ," ಎಂದಳು ಇಂದ್ರವ್ವ ತಿರುಗಿ ನೋಡದೆ. ಆ ಕೋಣೆಯಲ್ಲಿ ಕೂತಿದ್ದ ಹದಿನಾರು ಜನ ತಂದೆತಾಯಿಗಳು ಎಷ್ಟೋ ವಾರಗಳ ಮೇಲೆ ನಕ್ಕರು.

ಆ ಜ್ವರ ಬಂದುಹೋಗಿ ಆಗ ಎರಡು ವರ್ಷ. ಮಿದುಳಿನ ಬುಡದಲ್ಲಿ ಉಸಿರಿಗೆ ಹೆಜ್ಜೆ ಹಾಕಿಕೊಡುವ ಒಂದು ಹಿಡಿ ಜೀವಕೋಶಗಳಿವೆ. ನಾವು ನೆನೆದರೂ, ಮರೆತರೂ, ಅವು ಎಣಿಸುತ್ತಲೇ ಇರುತ್ತವೆ. ಜ್ವರ ಕೆಲವು ಮಕ್ಕಳಲ್ಲಿ ಆ ಎಣಿಕೆಯನ್ನೇ ಮರೆಸಿತು. ಕಿವಿಯಿಂದ ಬರುವ ನರದ ದಾರಿ ಆ ಕೋಶಗಳ ಪಕ್ಕದಲ್ಲೇ ಹಾದುಹೋಗುವುದರಿಂದ ಸರಿಯಾದ ಸದ್ದೊಂದು ಅವುಗಳನ್ನು ಎಚ್ಚರವಾಗಿಡಬಲ್ಲದು ಎಂದು ಕೇಂದ್ರದ ಡಾಕ್ಟರ್ ಮೆಹಜಬೀನ್ ಕಂಡುಕೊಂಡಿದ್ದರು. ಆದರೆ ಒಂದು ಮಗುವಿಗೆ ಒಗ್ಗಿದ ಸದ್ದು ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಗದಗಿನ ಹುಡುಗನೊಬ್ಬನಿಗೆ ಶಹನಾಯಿ. ಶಿಗ್ಗಾಂವಿಯ ಅವಳಿಗಳಲ್ಲಿ ಒಬ್ಬಳಿಗೆ ತಬಲಾ, ಇನ್ನೊಬ್ಬಳಿಗೆ ಆ ತಬಲಾ ಕೇಳಿದರೆ ವಾಂತಿ. ಸದ್ದು ಸಿಕ್ಕ ಮೇಲೆ ಹಗಲು ರಾತ್ರಿ ಅದು ಕಿವಿಯಲ್ಲಿರಬೇಕು. ನಿಂತರೆ ಉಸಿರು ತಕ್ಷಣ ನಿಲ್ಲುವುದಿಲ್ಲ. ಸಣ್ಣ ತೂತು ಬಿದ್ದ ಸೈಕಲ್ ಟ್ಯೂಬಿನಂತೆ ತಾಸುಗಟ್ಟಲೆ ಇಳಿಯುತ್ತ ಹೋಗುತ್ತದೆ. ಕೃತಕ ಉಸಿರಾಟದ ಯಂತ್ರವನ್ನು ಈ ಮಕ್ಕಳಿಗೆ ಒಗ್ಗಿಸಬಲ್ಲವರು ಹುಬ್ಬಳ್ಳಿಯಲ್ಲಷ್ಟೇ ಇದ್ದರು.

ಇಂದ್ರವ್ವನ ಮಗಳು ಆರು ವರ್ಷದ ಶಾಕಾಂಬರಿ. ಮನೆಯಲ್ಲಿ ಶಾಕವ್ವ. ಅವಳಿಗೆ ಮುನ್ನೂರ ಹನ್ನೆರಡು ಸಂಗೀತದ ತುಣುಕು ಕೇಳಿಸಿದರೂ ಉಸಿರಿನ ಲೆಕ್ಕ ನಿಮಿಷಕ್ಕೆ ಹತ್ತರ ಮೇಲೆ ಏರಿರಲಿಲ್ಲ. ಹದಿನೇಳನೆಯ ದಿನ, ಮಗು ಅಪ್ಪನನ್ನು ನೆನೆಸುತ್ತದೆಂದು ಇಂದ್ರವ್ವ ತನ್ನ ಫೋನನ್ನು ಅವಳ ಕಿವಿಗೆ ಹಿಡಿದಳು. ಸಂಗಪ್ಪ ಮಗ್ಗದ ಮುಂದೆ ನಿಂತು ಹಾಡಿದ್ದ ಹಾಡು ಅದರಲ್ಲಿತ್ತು. ಹಾಡೆಂದರೆ ಅಂಥದ್ದೇನಲ್ಲ; ಬೀಗರ ಹೆಸರುಗಳನ್ನೆಲ್ಲ ಪೋಣಿಸಿ ಮಗಳನ್ನು ನಗಿಸಲು ಕಟ್ಟಿದ್ದು. ಪರದೆಯ ಮೇಲಿನ ಅಂಕಿ ಹನ್ನೊಂದಾಯಿತು, ಹದಿನಾಲ್ಕಾಯಿತು, ಸಂಜೆಗೆ ಇಪ್ಪತ್ತಾಯಿತು. "ಅಪ್ಪನ ಧ್ವನಿ!" ಎಂದು ಫಕೀರೇಶ ಕೂಗಿಕೊಂಡ. ಸಂಗಪ್ಪ ಹೊರಗೆ ಹೋಗಿ ನಳದ ಕೆಳಗೆ ತಲೆಯಿಟ್ಟು ಅತ್ತು ಬಂದ. ರಾತ್ರಿಯೆಲ್ಲ ಫೋನೇ ಹಾಡಿತು. ಮರುದಿನ ಆ ಹಾಡನ್ನು ಎರಡು ಪ್ಲೇಯರಿಗೆ ತುಂಬಿದರು: ಒಂದು ಕಿವಿಗೆ, ಇನ್ನೊಂದು ಚಾರ್ಜಿಗೆ. ಮಗುವಿನ ಮುಂಗೈಗೆ ಉಸಿರೆಣಿಸುವ ಪಟ್ಟಿ ಕಟ್ಟಿ, ಮನೆಬಿಟ್ಟು ಎಲ್ಲಿಗೂ ಒಯ್ಯಬೇಡಿ ಎಂದು ತಾಕೀತು ಮಾಡಿ ಕಳಿಸಿದರು.

"ಇದರಾಗ ಶುದ್ಧ ಧ್ವನಿ ಅಂತ ಒಂದು ಸೌಲಭ್ಯ ಐತಿ," ಎಂದಿದ್ದ ಫಕೀರೇಶ ಕೊನೆಯ ಪಾಠದಲ್ಲಿ. "ಒಳಗ ತುಂಬೂ ಮುಂದನ ಹಾಡಿನ ಹಿಂದಿನ ಗದ್ದಲ ಎಲ್ಲಾ ತಗದುಹಾಕತೈತಿ. ತಾನ ಚಾಲೂ ಇರ್ತದ. ಅದಕ್ಕ ಕೈ ಹಚ್ಚಬ್ಯಾಡ್ರಿ."

ಹಚ್ಚಲಿಲ್ಲ. ಸಂಗಪ್ಪನಂತೂ ಕೇಂದ್ರದಿಂದ ಆ ಶುದ್ಧ ಪ್ರತಿಯನ್ನೇ ಇಂದ್ರವ್ವನ ಫೋನಿಗೆ ತರಿಸಿಕೊಂಡು, ಹಳೆಯ ಗದ್ದಲದ್ದನ್ನು ಅಳಿಸಿ, ಬೀಗರಿಗೆಲ್ಲ ಕಳಿಸಿದ. ತನ್ನ ಧ್ವನಿ ಇಷ್ಟು ಛಲೋ ಐತಂತ ತನಗೇ ಗೊತ್ತಿರಲಿಲ್ಲ ಎಂದು ಎರಡು ದಿನ ಎಲ್ಲರೆದುರು ಹೇಳಿಕೊಂಡ.

ಐದು ತಿಂಗಳು ಕಳೆದವು. ಬನಹಟ್ಟಿಯ ಅವರ ನೇಕಾರ ಓಣಿಯಲ್ಲಿ ನಲವತ್ತು ಮನೆ, ಮನೆಗೆ ಎರಡೋ ನಾಲ್ಕೋ ವಿದ್ಯುತ್ ಮಗ್ಗ. ಸೋಲಾರ್ ಲೈನ್ ಬಂದಮೇಲೆ ಮೂರು ಪಾಳಿ. ಒಂದು ಮನೆಯದು ನಿಂತರೆ ಇನ್ನೊಂದು ಮನೆಯದು ಬಡಿಯುತ್ತಿತ್ತು. ಇಂದ್ರವ್ವ ಕಂಡಿಕೆಗೆ ನೂಲು ಸುತ್ತುತ್ತ, ಕಣ್ಣನ್ನು ಮಗಳ ಮುಂಗೈಯ ಅಂಕಿಯ ಮೇಲಿಟ್ಟಿರುತ್ತಿದ್ದಳು. ಹತ್ತೊಂಬತ್ತು, ಇಪ್ಪತ್ತು. ನಸುಕಿಗೊಮ್ಮೆ, ಸಂಜೆಗೊಮ್ಮೆ ಪ್ಲೇಯರ್ ಬದಲಿಸುವಳು: ಹೊಸದು ಕಿವಿಗೆ ಹೋದಮೇಲೇ ಹಳೆಯದು ಹೊರಗೆ. ದಿನಾ ಮುಂಜಾನೆ ಕೇಂದ್ರಕ್ಕೆ ಫೋನು. ಈ ಕಡೆ ಇವಳು ಒದರುವಳು, ಆ ಕಡೆ ಫಕೀರೇಶ ಒದರುವನು. ಓಣಿಗೆಲ್ಲ ಮಗುವಿನ ಅಂಕಿ ಬಾಯಿಪಾಠ. ನಲ್ಲಿಯ ಕಡೆ ಸಿಕ್ಕವರು ಚಹಾ ಆಯ್ತೇನು ಎಂದು ಕೇಳುವ ಬದಲು "ಇವತ್ತೆಷ್ಟು?" ಎನ್ನುತ್ತಿದ್ದರು.

ಆ ಗುರುವಾರ ಬೆಳಗಿನ ಎಂಟಕ್ಕೆ ಎದುರುಮನೆಯ ಮುರಿಗೆಪ್ಪ ತೀರಿಕೊಂಡ. ಎಪ್ಪತ್ತೆರಡು ವರ್ಷ; ಚಹಾದ ಬಟ್ಟಲು ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡನಂತೆ.

ಆ ಓಣಿಯಲ್ಲಿ ನೇಕಾರ ಸತ್ತರೆ ಒಂದು ಪದ್ಧತಿ. ಎಲ್ಲರೂ ತಮ್ಮ ತಮ್ಮ ಮಗ್ಗದ ಪಟ್ಟಾ ಬಿಚ್ಚಿ ತಂದು ಸತ್ತವನ ಮನೆಯ ಕಟ್ಟೆಯ ಮೇಲೆ ಹಾಕುತ್ತಾರೆ. ಪಟ್ಟಾ ಇಲ್ಲದ ಮೇಲೆ ಮೋಟರು ತಿರುಗಿದರೂ ಮಗ್ಗ ಓಡುವುದಿಲ್ಲ. ಮಣ್ಣು ಮುಗಿಸಿ ಬಂದಮೇಲೆ ಆ ಮನೆಯವರೇ ಒಂದೊಂದಾಗಿ ಎತ್ತಿ ಕೊಡಬೇಕು. ಸಂಗಪ್ಪನೂ ತನ್ನ ಎರಡು ಪಟ್ಟಾ ಒಯ್ದು ಹಾಕಿ ಬಂದ. ಒಂಬತ್ತರ ಹೊತ್ತಿಗೆ ಓಣಿಯ ಕೊನೆಯ ಮಗ್ಗವೂ ನಿಂತಿತು. ಕಾಗೆ ಕೂಗಿದ್ದು ಕೇಳಿಸಿತು.

ಹತ್ತಕ್ಕೆ ಶಾಕವ್ವನ ಅಂಕಿ ಹದಿನಾರು. ಇಂದ್ರವ್ವ ಪ್ಲೇಯರ್ ನೋಡಿದಳು, ಹಾಡು ನಡೆದಿತ್ತು. ಹತ್ತೂವರೆಗೆ ಹದಿನಾಲ್ಕು. "ಯವ್ವಾ, ನಿದ್ದಿ ಬರಾಕತ್ತೈತಿ," ಎಂದು ಮಗು ಮಂಚ ಹತ್ತಿತು. ಹನ್ನೊಂದಕ್ಕೆ ಹನ್ನೆರಡು.

ಹುಬ್ಬಳ್ಳಿಯಲ್ಲಿ ಫಕೀರೇಶನ ಪರದೆಯ ಮೇಲೆ ಇನ್ನೂರ ಆರು ಮಕ್ಕಳ ಹಸಿರು ಗೆರೆಗಳ ನಡುವೆ ಒಂದು ಗೆರೆ ಕೆಂಪಾಗಿತ್ತು. ಅವನು ಫೋನು ಮಾಡುವ ಮೊದಲೇ ಫೋನು ಬಂತು.

"ಸರ, ಇಳೀಲಿಕ್ಕತ್ತೈತ್ರೀ."

"ನೋಡಾಕತ್ತೀನಿ ಅಕ್ಕಾರ. ಗಾಬರಿ ಆಗಬ್ಯಾಡ್ರಿ. ಹೋಲ್ಡ್?"

"ಹಾಕೈತಿ."

"ಬ್ಯಾಟರಿ?"

"ಮೂರು ಗೆರಿ. ಇನ್ನೊಂದನ್ನೂ ಹಚ್ಚಿ ನೋಡಿದ್ನಿ. ಹಂಗ ಇಳೀತೈತಿ."

"ಸದ್ದು ಎಷ್ಟಕ್ಕೈತಿ?"

"ನೀವು ಹೇಳಿದ ಹದಿನೆಂಟಕ್ಕ."

"ಎಡಗಿವಿ ಬಲಗಿವಿ ಎರಡರಾಗೂ ಕೇಳಸ್ತದೇನು, ನೀವು ಹಾಕ್ಕೊಂಡು ನೋಡ್ರಿ. ಒಂದೊಂದ."

"ಎರಡರಾಗೂ ನಮ್ಮವರು ಹಾಡಾಕತ್ತಾರ್ರೀ," ಎಂದಳು ಇಂದ್ರವ್ವ. "ಎಲ್ಲಾ ಬರೋಬರಿ ಐತಿ. ಹುಡುಗಿ ಒಬ್ಬಾಕಿನ ಬರೋಬರಿ ಇಲ್ಲ."

ಡಾಕ್ಟರ್ ಮೆಹಜಬೀನ್ ಫಕೀರೇಶನ ಹಿಂದೆ ಬಂದು ನಿಂತಿದ್ದರು. ಗಾಡಿ ಕಳಿಸಿ ಎಂದರು. ಗಾಡಿಗೆ ಮೂರು ತಾಸು ಬೇಕು. ಗೆರೆ ಇಳಿಯುವ ವೇಗ ನೋಡಿದರೆ ಮಗುವಿನ ಹತ್ತಿರ ಅಷ್ಟು ಹೊತ್ತು ಇರಲಿಲ್ಲ. ಅದನ್ನು ಫೋನಿನಲ್ಲಿ ಯಾರೂ ಹೇಳಲಿಲ್ಲ. ಸ್ವರಗಳ ಏರಿಳಿತ, ಎಡಬಲದ ತೂಕ, ಹಾಡಿನ ವೇಗ, ಪ್ಲೇಯರಿನಲ್ಲಿ ಎಷ್ಟು ಸೌಲಭ್ಯಗಳಿದ್ದವೋ ಅಷ್ಟನ್ನೂ ಒಂದೊಂದಾಗಿ ಒತ್ತಿಸಿದರು. ಹನ್ನೊಂದು. ಹತ್ತು. ಇಂದ್ರವ್ವನ ಹೆಬ್ಬೆರಳು ಬೆವತು ಗುಂಡಿಯ ಮೇಲೆ ಜಾರುತ್ತಿತ್ತು.

ಎದುರುಮನೆಗೆ ಬಂದ ಹೆಂಗಸರು ಬಾಗಿಲಲ್ಲಿ ಇಣುಕಿದರು. "ಎಷ್ಟಾಗೈತಿ?" ಎಂದು ಒಬ್ಬಳು ಬಾಯಿ ಸನ್ನೆಯಲ್ಲಿ ಕೇಳಿದಳು. ಇಂದ್ರವ್ವ ಒಂಬತ್ತು ಬೆರಳು ತೋರಿಸಿದಳು. ಅವರು ಹೊರಗೆ ಹೋಗಿ ಭಜನೆಯವರಿಗೂ ಮೆಲ್ಲಗೆ ಹಾಡಲು ಹೇಳಿದರು. ಕೂಸಿಗೆ ಹಾಡು ನೆಟ್ಟಗೆ ಕೇಳಿಸಲಿ ಎಂದು ತಾಳವನ್ನೂ ನಿಲ್ಲಿಸಿದರು. ಇಡೀ ಓಣಿ ಉಸಿರು ಬಿಗಿಹಿಡಿದು, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಆ ಮಗುವಿಗೆ ಸಹಾಯ ಮಾಡಿತು: ಸುಮ್ಮನಾಯಿತು.

"ಸರ, ಮುಂದ ಏನ್ ಒತ್ತಲಿ?" ಎಂದಳು ಇಂದ್ರವ್ವ ಫೋನಿನಲ್ಲಿ, ಪಿಸುಮಾತಿನಂತೆ.

ಪರದೆ ನೋಡುತ್ತಿದ್ದ ಫಕೀರೇಶ ಫೋನನ್ನು ಕಿವಿಯಿಂದ ತೆಗೆದು, ನೋಡಿ, ಮತ್ತೆ ಕಿವಿಗಿಟ್ಟುಕೊಂಡ.

"ಅಕ್ಕಾರ, ಇವತ್ತ ನೀವು ಯಾಕ ಒದರವಲ್ರಿ?"

"ಅಂದ್ರ?"

"ಐದು ತಿಂಗಳಾತು, ನಿಮ್ಮ ಒಂದು ಮಾತೂ ನನಗ ನೆಟ್ಟಗ ಕೇಳಿಸಿದ್ದಿಲ್ಲ. ಇವತ್ತ ಪಿಸುಗುಟ್ಟಿದ್ದೂ ಕೇಳಸ್ತೈತಿ. ಮಗ್ಗ ಎಲ್ಲಿ ಹೋದೂವು?"

"ಎದುರು ಮನ್ಯಾಗ ಹೆಣ ಐತ್ರೀ. ಓಣಿದೆಲ್ಲಾ ನಿಲ್ಲಿಸ್ಯಾರ."

"ಯಾವಾಗಿಂದ?"

"ಒಂಬತ್ತಕ್ಕ."

ಡಾಕ್ಟರ್ ಆಗಲೇ ಹಳೆಯ ದಾಖಲೆ ತೆಗೆದಿದ್ದರು. ಐದು ತಿಂಗಳ ಹಿಂದೆ ಮಗುವನ್ನು ಬನಹಟ್ಟಿಗೆ ಒಯ್ದ ದಿನ: ಕೇಂದ್ರ ಬಿಡುವಾಗ ಇಪ್ಪತ್ತು, ದಾರಿಯಲ್ಲಿ ಹದಿನೆಂಟು, ಹದಿನಾರು, ಹದಿನೈದು. ಪ್ರಯಾಣದ ಆಯಾಸ ಎಂದು ನರ್ಸ್ ಬರೆದಿದ್ದಳು. ಓಣಿ ಮುಟ್ಟಿದ ಮೇಲೆ ಅಂಕಿ ಏರಿತ್ತು. ಯಾರೂ ಯಾಕೆ ಎಂದು ಕೇಳಿರಲಿಲ್ಲ. ಏರಿದ್ದನ್ನು ಯಾರು ಕೇಳುತ್ತಾರೆ?

"ಅವಳಿಗೆ ಹಿಡಿಸಿದ್ದು ಹಾಡಲ್ಲ," ಎಂದರು ಮೆಹಜಬೀನ್. "ಹಾಡಿನ ಹಿಂದಿದ್ದ ಮಗ್ಗ. ನಾವು ಅದನ್ನು ಗದ್ದಲ ಅಂತ ತೆಗೆದು, ಉಳಿದಿದ್ದನ್ನು ತುಂಬಿ ಕೊಟ್ಟೆವು. ಐದು ತಿಂಗಳು ಅವಳು ಉಸಿರಾಡಿದ್ದು ಓಣಿಯಿಂದ."

"ಮೂಲ ಫೈಲ್ ಹಾಕೂಣ ಮೇಡಂ."

"ಏಳು ದಿನಕ್ಕೆ ಮೂಲ ಅಳಿಸಬೇಕು ಅಂತ ನಿಯಮ ಮಾಡಿದವಳು ನಾನೇ, ಫಕೀರೇಶ."

ಮಗ್ಗದ ಬೇರೊಂದು ಸದ್ದನ್ನು ಎಲ್ಲಿಂದಲೋ ಹುಡುಕಿ ಫೋನಿಗೆ ಕಳಿಸಿ, ಮಗುವಿನ ಕಿವಿಗೆ ಹಿಡಿಸಿದರು. ಅಂಕಿ ಅಲುಗಲಿಲ್ಲ. ಅದು ಬೇರೆ ಊರಿನ, ಬೇರೆ ಮಗ್ಗ.

ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಇದನ್ನೆಲ್ಲ ಕೇಳಿದ ಸಂಗಪ್ಪ ಎದ್ದುನಿಂತ. "ಅಂದ್ರ ನನ್ನ ಹಾಡಲ್ಲ?" ಎಂದ. ಯಾರೂ ಉತ್ತರ ಕೊಡುವ ಮೊದಲೇ ಒಳಗೆ ಓಡಿ, ಮಗ್ಗದ ಪಕ್ಕದ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸತೊಡಗಿದ. ದಾರ ಸಿಕ್ಕಿಕೊಂಡಾಗ ನೇಕಾರರು ಹಾಗೆ ಒಂದೆರಡು ಸುತ್ತು ತಿರುಗಿಸುವುದುಂಟು. ನೂರು ಸುತ್ತು ಯಾರೂ ತಿರುಗಿಸುವುದಿಲ್ಲ. ಕಟ್... ಕಟಾರ್... ಕಟ್. ಮೋಟರಿನ ಓಟದ ಕಾಲುಭಾಗದ ವೇಗವೂ ಇರಲಿಲ್ಲ. ಇಂದ್ರವ್ವ ಮಗಳನ್ನು ಎತ್ತಿತಂದು ಮಗ್ಗದ ಬುಡದಲ್ಲಿ ಕೌದಿಯ ಮೇಲೆ ಮಲಗಿಸಿದಳು. ಏಳಕ್ಕೆ ಇಳಿದಿದ್ದು ಎಂಟಾಯಿತು. ಸಂಗಪ್ಪನ ಕೈ ತಡೆದಾಗ ಮತ್ತೆ ಏಳು.

ಬಾಗಿಲಲ್ಲಿ ಓಣಿಯ ಹಿರಿಯ ಈರಪ್ಪ ದಳವಾಯಿ ನಿಂತಿದ್ದ. ಹಿಂದೆ ನಾಲ್ಕು ಮಂದಿ.

"ಏ ಸಂಗ್ಯಾ! ಹೆಣದ ಮುಂದ ಮಗ್ಗಾ ಬಡೀತಿ? ತಲಿ ನೆಟ್ಟಗೈತೋ ಇಲ್ಲೋ?"

"ಹುಡುಗಿ ಸಾಯಾಕತ್ತಾಳೋ ಕಾಕಾ," ಎಂದ ಸಂಗಪ್ಪ, ಗಾಲಿ ಬಿಡದೆ.

"ಅದಕ್ಕಽ ಎಲ್ಲಾರೂ ಸುಮ್ಮ ಕುಂತೀವಲ್ಲೋ! ಐವತ್ತು ವರ್ಷ ನೇಯ್ದ ಮನಷ್ಯಾ ಅಂವ. ಒಂದು ದಿನ ಸುಮ್ಮ ಇರಾಕ ಆಗವಲ್ದೇನ ನಿನಗ?"

"ಸುಮ್ಮ ಇದ್ದದ್ದಕ್ಕ ಸಾಯಾಕತ್ತಾಳ!"

ಇದು ಯಾರಿಗೂ ಅರ್ಥವಾಗಲಿಲ್ಲ. ದುಃಖದಲ್ಲಿ ಏನೇನೋ ಆಡುತ್ತಾನೆಂದು ಒಬ್ಬ ಅವನ ಹೆಗಲು ಹಿಡಿದು ಗಾಲಿಯಿಂದ ಬಿಡಿಸಲು ಹೋದ. ಇಂದ್ರವ್ವ ನಿಲ್ಲಲಿಲ್ಲ. ಅವರ ನಡುವೆ ನುಸುಳಿ ಹೊರಗೆ ಬಂದು, ಎದುರುಮನೆಯ ಮೆಟ್ಟಿಲೇರಿದಳು.

ಮುರಿಗೆಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಪಕ್ಕದಲ್ಲಿ ಹೆಂಡತಿ ಗೌರವ್ವ ಅತ್ತು ಅತ್ತು ಧ್ವನಿ ಕಟ್ಟಿಹೋಗಿ ಕೂತಿದ್ದಳು.

"ಕಾಕು, ಒಂದು ಪಟ್ಟಾ ಕೊಡು."

ಗೌರವ್ವ ತಲೆಯೆತ್ತಿದಳು.

"ನಿನ್ನ ಗಂಡನ ಮುಂದ ಕುಂತು ಕೇಳಬಾರದ್ದು ಕೇಳಾಕತ್ತೀನಿ. ಶಾಕವ್ವಗ ಹಾಡು ಹತ್ತಿದ್ದಲ್ಲಂತ, ಮಗ್ಗದ ಸದ್ದು ಹತ್ತಿತ್ತಂತ. ಮಗ್ಗ ನಿಂತಾಗಿಂದ ಇಳಿದು ಹೊಂಟಾಳ. ಮಗ್ಗ ಹಚ್ಚಬೇಕು."

ಕೂತಿದ್ದ ಹೆಂಗಸರಲ್ಲಿ ಒಬ್ಬಳು "ಶಿವನ" ಎಂದಳು. ಗೌರವ್ವ ಇಂದ್ರವ್ವನ ಮುಖ ನೋಡಿ ಕೇಳಿದಳು:

"ಎಷ್ಟಾಗೈತಿ?"

"ಏಳು."

ಗೌರವ್ವ ನೆಲಕ್ಕೆ ಕೈಯೂರಿ ಎದ್ದಳು. ಕಟ್ಟೆಗೆ ಹೋಗಿ, ರಾಶಿಯಲ್ಲಿ ಕೈಗೆ ಸಿಕ್ಕ ಪಟ್ಟಾ ಎಳೆದಳು. ಆದರೆ ಕೊಡಲಿಲ್ಲ. ಎದೆಗೆ ಹಿಡಿದುಕೊಂಡು ನಿಂತಳು.

"ಎರಡಕ್ಕ ಎತ್ತತಾರ. ಎತ್ತೂ ಮುಂದ ನಿಲ್ಲಿಸಬೇಕು, ಇಂದ್ರಾ. ಅಂವನ್ನ ಮಗ್ಗದ ಸದ್ದಿನಾಗ ಕಳಸೂದಿಲ್ಲ ನಾ. ಅಷ್ಟು ಮರ್ಯಾದಿ ಅಂವಗ ಬೇಕು."

"ನಿಲ್ಲಸ್ತೀನಿ."

"ಹುಡುಗಿ ಏನರ ಆಗಲಿ?"

ಇಂದ್ರವ್ವ ಎರಡೂ ಕೈ ಚಾಚಿದಳು. "ಏನರ ಆಗಲಿ," ಎಂದಳು.

ಮಗ್ಗ ಶುರುವಾದಾಗ ಒಂದೂಕಾಲು. ಕಟಾರ್ ಕಟ್ ಕಟಾರ್ ಕಟ್ ಎಂದು ಅದು ಓಡಿದ ಹಾಗೆ ಸಂಗಪ್ಪ ಗೋಡೆಗೆ ಕುಸಿದು ಕೂತ. ಅಂಗೈಯ ಚರ್ಮ ಸುಲಿದಿತ್ತು. ಈರಪ್ಪ ಮಗುವಿನ ಮುಂಗೈಯ ಅಂಕಿಯನ್ನೇ ನೋಡುತ್ತ ನಿಂತಿದ್ದ. ಒಂಬತ್ತು. ಹನ್ನೊಂದು. ಅವನು ಟೊಪ್ಪಿಗೆ ತೆಗೆದು ಹೊರಗೆ ಹೋದ.

"ಎರಡಕ್ಕ ನಿಲ್ಲಸಬೇಕ್ರಿ ಸರ!" ಇಂದ್ರವ್ವ ಈಗ ಒದರುತ್ತಿದ್ದಳು. "ಮಾತು ಕೊಟ್ಟೀನಿ! ನಿಲ್ಲಿಸಿದ್ರ ಮಣ್ಣು ಮುಗಿಯೂತನಕ ಪಟ್ಟಾ ಇಲ್ಲ!"

"ಫೋನು ಮಾತಿಗಿರಲಿ, ಚಾರ್ಜಿನಾಗಿರೂ ಪ್ಲೇಯರ್ ತಗೋರಿ!" ಫಕೀರೇಶನೂ ಒದರಿದ. "ಅದರಾಗ ರೆಕಾರ್ಡ್ ಐತಿ! ಪಾಠದಾಗ ಹೇಳಿಲ್ಲ ನಾವು, ಯಾರಿಗೂ ಬೇಕಾಗಿದ್ದಿಲ್ಲ! ನಡುವಿನ ಗುಂಡಿ ಒತ್ತಿ ಹಿಡೀರಿ! ಕೆಂಪು ಚುಕ್ಕಿ ಬರತೈತಿ!"

ಕೆಂಪು ಚುಕ್ಕಿ ಬಂತು. ನಾಲ್ಕು ನಿಮಿಷ ಮಗ್ಗದ ಹತ್ತಿರ ಹಿಡಿದು, ನಿಲ್ಲಿಸಿ, ತನ್ನ ಕಿವಿಗೆ ಹಾಕಿಕೊಂಡು ಕೇಳಿದಳು. ಹೊರಗಿನ ಬಡಿತ ಒಳನುಗ್ಗದಂತೆ ಅಂಗೈಯಿಂದ ಕಿವಿ ಒತ್ತಿ ಮುಚ್ಚಿಕೊಂಡಳು. ಪ್ಲೇಯರಿನೊಳಗೆ ಏನೂ ಇರಲಿಲ್ಲ. ದೂರದಲ್ಲಿ ಯಾರೋ ಕೆಮ್ಮಿದ್ದು, ಅವಳದೇ ಬಳೆಯ ಸದ್ದು, ಅಷ್ಟೇ. ಮಗ್ಗವನ್ನು ಅದು ಗುಡಿಸಿ ಹೊರಗೆ ಹಾಕಿತ್ತು.

"ಶುದ್ಧ ಧ್ವನಿ!" ಎಂದ ಫಕೀರೇಶ, ಹಣೆ ಬಡಿದುಕೊಂಡ ಸದ್ದು ಆ ಗದ್ದಲದಲ್ಲೂ ಕೇಳುವಂತೆ. "ಅದನ್ನ ಬಂದ್ ಮಾಡಬೇಕು! ಎಡಗಡೆ ಗುಂಡಿ ಮೂರು ಸಲ, ಕೆಳಗಿಂದು ಐದು ಸಲ, ನಡುವಿಂದು ಒಂದು! ಎಣಿಸಿ ಒತ್ತರಿ!"

ಗಂಟೆ ಒಂದೂ ನಲವತ್ತೈದು. ಮೂರು. ಐದು. ಒಂದು. ಪರದೆಯ ಮೇಲೆ ಅವಳಿಗೆ ಓದಲು ಬಾರದ ಅಕ್ಷರಗಳು ಬಂದವು, ಹೋದವು. ಬೆರಳು ಜಾರಿ ಆರು ಸಲ ಒತ್ತಿಬಿಟ್ಟಳು. ಮತ್ತೆ ಮೊದಲಿನಿಂದ. ಒಂದೂ ಐವತ್ತೆರಡಕ್ಕೆ ಕೆಂಪು ಚುಕ್ಕಿ ಮತ್ತೆ ಬಂತು.

ಎರಡನೆಯ ನಿಮಿಷದಲ್ಲಿ ಎದುರುಮನೆಯಲ್ಲಿ ಹೆಣಕ್ಕೆ ಹೂವು ಏರಿಸಿದರು. ಕಟ್ಟಿಹೋಗಿದ್ದ ಗೌರವ್ವನ ಧ್ವನಿ ಒಮ್ಮೆಲೇ ಒಡೆದು ಬಂತು. ಮಗ್ಗದ ಬಡಿತವನ್ನೂ ಸೀಳಿಕೊಂಡು, ಓಣಿ ದಾಟಿ, ಬಾಗಿಲು ದಾಟಿ ಬಂತು: "ನನ್ನನ್ಯಾಕ ಬಿಟ್ಟು ಹೊಂಟ್ಯೋ, ನನಗ ಯಾರ ಅದಾರೋ..."

ಸಂಗಪ್ಪ ಬಾಗಿಲು ಹಾಕಲು ಎದ್ದ. ಇಂದ್ರವ್ವ ಬೇಡವೆಂದು ತಲೆಯಲ್ಲಾಡಿಸಿದಳು. ಬಾಗಿಲು ಹಾಕಿದರೆ ಸದ್ದು ಬದಲಾದೀತು. ಮಗ್ಗ ಎಂದೂ ಬಾಗಿಲು ಹಾಕಿಕೊಂಡು ಓಡಿದ್ದಲ್ಲ. ಮತ್ತೊಮ್ಮೆ ಹಿಡಿಯಲು ಹೊತ್ತೂ ಇರಲಿಲ್ಲ. ಅವಳು ಪ್ಲೇಯರನ್ನು ಮಗ್ಗದ ಕಡೆ ಚಾಚಿಕೊಂಡು, ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದು ನಿಂತಳು.

ಎರಡಕ್ಕೆ ಎರಡು ನಿಮಿಷವಿರುವಾಗ ಆ ಪ್ಲೇಯರ್ ಮಗಳ ಕಿವಿಗೆ ಹೋಯಿತು. ರಿಪೀಟ್. ಹೋಲ್ಡ್. ಅಂಕಿ ಹದಿನೈದಿತ್ತು.

"ನಿಲ್ಲಸರಿ," ಎಂದಳು ಗಂಡನಿಗೆ.

"ಇನ್ನೊಂದು ಐದು ನಿಮಿಷ..."

"ಮಾತು ಕೊಟ್ಟೀನ್ರೀ."

ಸಂಗಪ್ಪ ಗುಂಡಿ ಒತ್ತಿದ. ಪಟ್ಟಾ ಬಿಚ್ಚಿ, ರಕ್ತ ಹತ್ತದಂತೆ ಧೋತರದ ಚುಂಗಿನಲ್ಲಿ ಹಿಡಿದುಕೊಂಡು, ಎದುರುಮನೆಯ ಕಟ್ಟೆಯ ಮೇಲೆ ಇಟ್ಟುಬಂದ. ಓಣಿ ಸುಮ್ಮನಾಯಿತು. ಮುರಿಗೆಪ್ಪನನ್ನು ಎತ್ತಿದರು.

ಇಂದ್ರವ್ವ ಮೆರವಣಿಗೆ ನೋಡಲಿಲ್ಲ. ಅಂಕಿ ನೋಡಿದಳು. ಹದಿನೈದು. ಹದಿನಾಲ್ಕು. ಹದಿನಾಲ್ಕು. ಹದಿನಾಲ್ಕು. ಹದಿನೈದು. ಕಾಲು ತಾಸಾಯಿತು. ಹದಿನಾರು.

"ಹಿಡೀತ್ರೀ ಅಕ್ಕಾರ," ಎಂದ ಫಕೀರೇಶ ಫೋನಿನಲ್ಲಿ. ಅವನ ಹಿಂದೆ ಯಾರೋ ಮೂಗು ಸೀಟಿಕೊಂಡದ್ದು ಕೇಳಿಸಿತು. "ಹಿಡೀತು. ನೀವು ರೆಕಾರ್ಡ್ ಮಾಡೂ ಮುಂದ ಫೋನಿನಾಗ ನಾನೂ ಕೇಳೀನಿ. ನಡುವ ಆ ಅಮ್ಮಾರ ಅಳು ಬಂದೈತಿ ನೋಡ್ರಿ. ಗಾಡಿ ಬಂದ ಮ್ಯಾಲ ಅದನ್ನಷ್ಟು ತಗದು ಕೊಡ್ತೀನಿ. ಕೂಸು ದಿನಾ ಅದನ್ನ ಕೇಳೂದು ಛಲೋ ಅಲ್ಲ."

"ಬ್ಯಾಡ್ರೀ."

"ಬರೇ ಅಳು ಅಷ್ಟ ಅಕ್ಕಾರ. ಮಗ್ಗದ್ದು ಹಂಗ ಇರತೈತಿ."

"ಹಿಂದಿನ ಸಲಾನೂ ನೀವು ಬರೇ ಗದ್ದಲ ಅಷ್ಟ ತಗದಿದ್ರಿ," ಎಂದಳು ಇಂದ್ರವ್ವ. "ಏನೂ ತಗೀಬ್ಯಾಡ್ರಿ."

"ಆತು ಅಕ್ಕಾರ, ಹಂಗ ಇರಲಿ," ಎಂದ ಫಕೀರೇಶ.

ಅವಳು ಫೋನು ಕೆಳಗಿಟ್ಟು, ಮಗಳ ಪಕ್ಕ ಕೌದಿಯ ಮೇಲೆ ಅಡ್ಡಾಗಿ, ಒಂದು ಕಡೆಯ ಇಯರ್‌ಫೋನಿಗೆ ತನ್ನ ಕಿವಿ ತಾಗಿಸಿದಳು. ಹೊರಗೆ ಭಜನೆ ಊರ ಹೊರಗಿನ ದಾರಿ ಹಿಡಿದು ಸಣ್ಣದಾಗುತ್ತ ಹೋಯಿತು. ಶಾಕವ್ವನ ಎದೆ ಏರಿತು, ಇಳಿಯಿತು. ಕಿವಿಯಲ್ಲಿ ನಾಲ್ಕು ನಿಮಿಷ ಮುಗಿದು, ಒಂದು ಚಿಟಿಕೆಯಷ್ಟೂ ತೆರಪಿಲ್ಲದೆ ಮಗ್ಗ ಮತ್ತೆ ಓಡಿತು, ಅದರ ಹಿಂದೆ ಗೌರವ್ವ ಮತ್ತೆ ಮೊದಲಿನಿಂದ ಅಳತೊಡಗಿದಳು.